ಸೂಪರ್‌ನೋವಾ ಆದಾಗಲೆಲ್ಲ ಗಾಮಾ ಕಿರಣ ಸ್ಫೋಟ ಯಾಕೆ ಆಗುವುದಿಲ್ಲ?

ಓದುಗರ ಪ್ರಶ್ನೆ: ದೊಡ್ಡ ನಕ್ಷತ್ರ ಸಾಯುವಾಗ ಸೂಪರ್‌ನೋವಾ ಆಗುತ್ತದೆ ಎಂದು ಓದಿದ್ದೇನೆ. ಗಾಮಾ ಕಿರಣ ಸ್ಫೋಟವೂ ನಕ್ಷತ್ರ ಸಾಯುವಾಗಲೇ ಆಗುತ್ತದೆ ಅಂತಾರೆ. ಹಾಗಾದರೆ ಎರಡೂ ಒಂದೇನಾ? ಒಂದೇ ಆದರೆ ಎಲ್ಲ ಸೂಪರ್‌ನೋವಾಗಳಲ್ಲೂ ಗಾಮಾ ಕಿರಣ ಯಾಕೆ ಕಾಣುವುದಿಲ್ಲ? ಆರಿದ್ರಾ ನಕ್ಷತ್ರ ಸಿಡಿದರೆ ನಮಗೆ ಅಪಾಯ ಇದೆಯಾ?

ಉತ್ತರ:

ಸೂಪರ್‌ನೋವಾ ಎಂದರೆ ನಕ್ಷತ್ರವೇ ಸಿಡಿಯುವುದು. ಗಾಮಾ ಕಿರಣ ಸ್ಫೋಟ ಎಂದರೆ ಎಕ್ಸ್-ಕಿರಣಕ್ಕಿಂತಲೂ ಹೆಚ್ಚು ಶಕ್ತಿಯ ಬೆಳಕಿನ ಒಂದು ಮಿಂಚು. ಒಂದೇ ನಕ್ಷತ್ರದ ಸಾವಿನಲ್ಲಿ ಎರಡೂ ಆಗಬಹುದು. ಆದರೆ ಎರಡರ ಬೆಳಕು ಬರುವ ಜಾಗ ಬೇರೆ, ಕಾರಣ ಬೇರೆ, ಹೊತ್ತೂ ಬೇರೆ. ಗಾಮಾ ಕಿರಣ ಸ್ಫೋಟ ಎಂದರೆ ಇನ್ನೂ ದೊಡ್ಡ ಸೂಪರ್‌ನೋವಾ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹಾಗೆ ಅಂದುಕೊಂಡರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಈ ನಂಟಿನ ಅನುಮಾನ ಗಾಮಾ ಕಿರಣ ಸ್ಫೋಟಗಳ ಸುದ್ದಿ ಹೊರಬರುವ ಮೊದಲೇ ಇತ್ತು. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಸೇರಿ ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ಮಾಡಬಾರದು ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಯಾರಾದರೂ ಕದ್ದುಮುಚ್ಚಿ ಪರೀಕ್ಷೆ ನಡೆಸಿದರೆ ಗೊತ್ತಾಗಲಿ ಎಂದು ಅಣುಬಾಂಬಿನ ಗಾಮಾ ಕಿರಣ ಗುರುತಿಸುವ ವೇಲಾ ಉಪಗ್ರಹಗಳನ್ನು ಅಮೆರಿಕ ಹಾರಿಸಿತು. ಅಣುಬಾಂಬ್ ಕೆಲಸದಲ್ಲಿ ಪಳಗಿದ ಭೌತವಿಜ್ಞಾನಿ ಸ್ಟರ್ಲಿಂಗ್ ಕೋಲ್ಗೇಟ್ 1968ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಸಿಡಿಯುವ ನಕ್ಷತ್ರದ ಒಳಗಿನ ಆಘಾತದ ಅಲೆ ಮೇಲ್ಮೈ ಒಡೆದು ಹೊರಬರುವಾಗ ಒಂದು ಕ್ಷಣ ಗಾಮಾ ಕಿರಣ ಹೊಮ್ಮಬೇಕು ಎಂಬುದು ಅವರ ವಾದ. ವೇಲಾ ತಂಡದವರು ಸೂಪರ್‌ನೋವಾ ಕಂಡ ದಿನಗಳ ದಾಖಲೆ ತೆಗೆದು ಹುಡುಕಿದರು. ಏನೂ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ: ಯಾವ ಸೂಪರ್‌ನೋವಾಕ್ಕೂ ಹೊಂದದ, ಭೂಮಿಯದ್ದೂ ಸೂರ್ಯನದ್ದೂ ಅಲ್ಲದ ಗಾಮಾ ಕಿರಣದ ಮಿಂಚುಗಳು. ಮೊದಲನೆಯದು 1967ರ ಜುಲೈ 2ರದ್ದು. ಅದನ್ನು ಲೋಕಕ್ಕೆ ತಿಳಿಸಿದ್ದು 1973ರಲ್ಲಿ, 16 ಸ್ಫೋಟಗಳ ವರದಿಯೊಂದಿಗೆ. ಹೀಗೆ ಈ ಎರಡರ ಸಂಬಂಧ ಶುರುವಾದದ್ದೇ 'ಸಂಬಂಧ ಇಲ್ಲ' ಎಂಬ ಷರಾದೊಂದಿಗೆ.

ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ದೂರವೇ ಗೊತ್ತಿರಲಿಲ್ಲ. ನಮ್ಮ ಗೆಲಾಕ್ಸಿಯ ಒಳಗಿನದೋ, ಕೋಟ್ಯಂತರ ಜ್ಯೋತಿರ್ವರ್ಷ ಆಚೆಯದೋ ಎಂದು ಜಗಳ. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯ ದಿನಕ್ಕೆ ಸುಮಾರು ಒಂದರಂತೆ ಸ್ಫೋಟಗಳನ್ನು ಹಿಡಿಯಿತು. ಅವು ಆಕಾಶದ ತುಂಬ ಸಮನಾಗಿ ಹರಡಿದ್ದವು. 2 ಸೆಕೆಂಡಿಗಿಂತ ಕಡಿಮೆ ಇರುವವು, ಜಾಸ್ತಿ ಇರುವವು ಎಂದು ಎರಡು ಗುಂಪು ಇರುವುದೂ ಗೊತ್ತಾಯಿತು. ದೂರದ ಪ್ರಶ್ನೆ ಬಗೆಹರಿದದ್ದು 1997ರಲ್ಲಿ. ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ ಮಾಡಿದ ಬೆಪ್ಪೋಸಾಕ್ಸ್ ಉಪಗ್ರಹ ಸ್ಫೋಟದ ಜಾಗವನ್ನು ಕೆಲವೇ ಗಂಟೆಗಳಲ್ಲಿ ಹೇಳತೊಡಗಿತು. ಗಾಮಾ ಕಿರಣ ನಿಂತ ಮೇಲೂ ಅದೇ ಜಾಗದಲ್ಲಿ ಎಕ್ಸ್-ಕಿರಣ ಮತ್ತು ಬೆಳಕು ದಿನಗಟ್ಟಲೆ ನಿಧಾನವಾಗಿ ಆರುತ್ತಾ ಇರುತ್ತವೆ. ಇದನ್ನು ಆಫ್ಟರ್‌ಗ್ಲೋ ಅಂತಾರೆ. ಆ ವರ್ಷದ ಮೇ 8ರ ಸ್ಫೋಟದ ಆಫ್ಟರ್‌ಗ್ಲೋವನ್ನು ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ ಅಳೆದಾಗ, ಅದು ಸುಮಾರು 700 ಕೋಟಿ ವರ್ಷ ಪ್ರಯಾಣ ಮಾಡಿ ಬಂದ ಬೆಳಕು ಎಂದು ತಿಳಿಯಿತು.

ಇನ್ನು 1998. ನನ್ನ ಲೆಕ್ಕದಲ್ಲಿ ಈ ಕಥೆಯ ಅತಿ ಸ್ವಾರಸ್ಯದ ಭಾಗ ಇದೇ.

ಏಪ್ರಿಲ್ 25ರಂದು ಬೆಪ್ಪೋಸಾಕ್ಸ್ ಒಂದು ಸಾಧಾರಣ ಸ್ಫೋಟ ಕಂಡಿತು. ಹೆಸರು ಜಿಆರ್‌ಬಿ 980425. ಜಿಆರ್‌ಬಿ ಎಂದರೆ ಗಾಮಾ ರೇ ಬರ್ಸ್ಟ್, ಹೆಸರಿನಲ್ಲೇ ತಾರೀಖು ಇದೆ. ಆಮ್‌ಸ್ಟರ್‌ಡ್ಯಾಮಿನ ಟೈಟಸ್ ಗಲಾಮಾ ಮತ್ತವರ ತಂಡ ಚಿಲಿಯ ಟೆಲಿಸ್ಕೋಪಿನಿಂದ ಆ ಜಾಗದ ಚಿತ್ರ ತೆಗೆಯಿತು. ಆರುವ ಬೆಳಕು ಹುಡುಕಿದವರಿಗೆ ಕಂಡದ್ದು ಏರುತ್ತಿರುವ ಬೆಳಕು. ಹತ್ತಿರದ ಒಂದು ಗೆಲಾಕ್ಸಿಯ ಸುರುಳಿ ತೋಳಿನಲ್ಲಿ ಹೊಸ ಸೂಪರ್‌ನೋವಾ! ಅದಕ್ಕೆ ಎಸ್‌ಎನ್ 1998ಬಿಡಬ್ಲ್ಯೂ ಎಂದು ಹೆಸರಾಯಿತು. ದೂರ ಸುಮಾರು 12-13 ಕೋಟಿ ಜ್ಯೋತಿರ್ವರ್ಷ. ಗಾಮಾ ಕಿರಣ ಸ್ಫೋಟಗಳ ಲೆಕ್ಕದಲ್ಲಿ ಇದು ಪಕ್ಕದ ಬೀದಿ.

ಅಲ್ಲೇ ತೊಂದರೆ ಶುರುವಾದದ್ದು. ಅಷ್ಟು ಹತ್ತಿರದಲ್ಲಿದ್ದೂ ಸ್ಫೋಟ ಸಾಧಾರಣವಾಗಿ ಕಂಡಿತು ಎಂದರೆ ಅದರ ನಿಜವಾದ ಶಕ್ತಿ ತೀರಾ ಕಡಿಮೆ. ಮಾಮೂಲಿ ಸ್ಫೋಟಗಳಿಗಿಂತ ಸಾವಿರಾರು ಪಟ್ಟು ಕಡಿಮೆ. ಆಫ್ಟರ್‌ಗ್ಲೋ ಕೂಡ ಮಾಮೂಲಿನಂತೆ ಇರಲಿಲ್ಲ. ಬೆಪ್ಪೋಸಾಕ್ಸ್ ತೋರಿಸಿದ್ದು ಒಂದು ಬಿಂದುವನ್ನಲ್ಲ, ಒಂದಿಷ್ಟು ಜಾಗವನ್ನು. ಸೂಪರ್‌ನೋವಾ ಸುಮ್ನೆ ಆಕಸ್ಮಿಕವಾಗಿ ಆ ಜಾಗದಲ್ಲಿ ಕಂಡಿರಬಹುದು, ನಿಜವಾದ ಸ್ಫೋಟ ಇನ್ನೆಲ್ಲೋ ಹಿಂದೆ ಆಗಿರಬಹುದು ಎಂದು ಅನುಮಾನಿಸಿದವರಿಗೂ ಕೊರತೆ ಇರಲಿಲ್ಲ. ಅಂಥ ಆಕಸ್ಮಿಕದ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು ಎಂದು ಗಲಾಮಾ ತಂಡ ಲೆಕ್ಕ ಹಾಕಿತ್ತು. ಆದರೂ ವಿಜ್ಞಾನಿಗಳು ಇಂಥ ಲೆಕ್ಕಕ್ಕೆ ಬೇಗ ತಲೆಬಾಗುವುದಿಲ್ಲ. ಆಕಾಶದಲ್ಲಿ ಜಾಗ ಸಿಕ್ಕಾಪಟ್ಟೆ ಇದೆ, ಆಕಸ್ಮಿಕಗಳಿಗೂ ಅಷ್ಟೇ ಜಾಗ ಇದೆ.

ತಕ್ಕಡಿ ವಾಲಿಸಿದ್ದು ರೇಡಿಯೊ ಅಲೆಗಳು. ಈ ಅಳತೆಯ ನೇತೃತ್ವ ವಹಿಸಿದವರು ಕ್ಯಾಲ್‌ಟೆಕ್‌ನ ಶ್ರೀನಿವಾಸ ಕುಲಕರ್ಣಿ, ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದವರು. (2024ರ ಶಾ ಪ್ರಶಸ್ತಿ ಬಂದಾಗ ಪತ್ರಿಕೆಗಳಲ್ಲಿ ಹೆಸರು ನೋಡಿರುತ್ತೀರಿ.) ಈ ಸೂಪರ್‌ನೋವಾ ರೇಡಿಯೊದಲ್ಲಿ ಆವರೆಗೆ ಕಂಡ ಯಾವ ಸೂಪರ್‌ನೋವಾಕ್ಕಿಂತಲೂ ಪ್ರಖರವಾಗಿತ್ತು. ಅಷ್ಟು ಬೇಗ ಅಷ್ಟು ಪ್ರಖರವಾಗಬೇಕಾದರೆ ರೇಡಿಯೊ ಹೊಮ್ಮಿಸುವ ವಸ್ತು ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲೇ ಹಿಗ್ಗುತ್ತಿರಬೇಕು ಎಂದು ಕುಲಕರ್ಣಿ ತಂಡ ತೋರಿಸಿತು. ಸಾಮಾನ್ಯ ಸೂಪರ್‌ನೋವಾದ ಚೂರುಗಳು ಸೆಕೆಂಡಿಗೆ 10,000 ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತವೆ. ಬೆಳಕಿನ ವೇಗ 3 ಲಕ್ಷ. ಅಂದರೆ ಈ ಸೂಪರ್‌ನೋವಾದ ಒಳಗೆ ಬೇರೆ ಏನೋ ಒಂದು ಎಂಜಿನ್ ಓಡಿತ್ತು. ಗಾಮಾ ಕಿರಣ ಸ್ಫೋಟಕ್ಕೆ ಬೇಕಾದದ್ದೂ ಅಂಥ ವೇಗವೇ ಅಲ್ವಾ?

ಉಳಿದ ಅನುಮಾನ ಕರಗಲು ಇನ್ನೂ ಐದು ವರ್ಷ ಬೇಕಾಯಿತು. 2003ರ ಮಾರ್ಚ್ 29ರಂದು ಹೀಟ್-2 ಉಪಗ್ರಹ ಒಂದು ಭರ್ಜರಿ ಸ್ಫೋಟ ಕಂಡಿತು. ದೂರ ಸುಮಾರು 200 ಕೋಟಿ ಜ್ಯೋತಿರ್ವರ್ಷ. ಇದು 1998ರದ್ದರಂತೆ ಬಡಕಲು ಅಲ್ಲ, ಎಲ್ಲ ಲಕ್ಷಣಗಳೂ ಇರುವ ಪಕ್ಕಾ ಗಾಮಾ ಕಿರಣ ಸ್ಫೋಟ. ಹಲವು ತಂಡಗಳು ದಿನಾ ರಾತ್ರಿ ಅದರ ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ತೆಗೆದವು. ಮೊದಲ ವಾರ ಆಫ್ಟರ್‌ಗ್ಲೋದ ಸಪಾಟು ರೋಹಿತ, ಗುರುತು ಹಿಡಿಯುವಂಥದ್ದು ಏನೂ ಇಲ್ಲ. ಆಫ್ಟರ್‌ಗ್ಲೋ ಆರುತ್ತಾ ಬಂದ ಹಾಗೆ ಅದರ ಅಡಿಯಿಂದ ಅಗಲವಾದ ಉಬ್ಬುತಗ್ಗುಗಳು ಎದ್ದವು. 1998ರ ಸೂಪರ್‌ನೋವಾದ ರೋಹಿತವನ್ನು ಪಕ್ಕದಲ್ಲಿಟ್ಟು ನೋಡಿದರೆ ಅವಳಿಜವಳಿ! ಅದಕ್ಕೆ ಎಸ್‌ಎನ್ 2003ಡಿಎಚ್ ಎಂದು ಹೆಸರು. ಇನ್ನೊಂದು ವಿಷಯವೂ ಅಲ್ಲೇ ತೀರ್ಮಾನವಾಯಿತು. ಮೊದಲು ಸೂಪರ್‌ನೋವಾ ಆಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಾಮಾ ಕಿರಣ ಸ್ಫೋಟ ಆಗುತ್ತದೆ ಎಂಬ ಸಿದ್ಧಾಂತ ಆಗ ಚಾಲ್ತಿಯಲ್ಲಿತ್ತು. 2003ಡಿಎಚ್ ಬೆಳೆದ ರೀತಿ ನೋಡಿದರೆ ಎರಡೂ ಒಂದೆರಡು ದಿನದ ಅಂತರದೊಳಗೇ ಆಗಿರಬೇಕಿತ್ತು. ಆ ಸಿದ್ಧಾಂತ ಅಲ್ಲಿಗೆ ಮೂಲೆ ಸೇರಿತು.

ಈಗ ಒಳಗೆ ನಡೆಯುವುದು ಏನು ಎಂಬುದಕ್ಕೆ ಬರೋಣ.

ಸೂರ್ಯನಿಗಿಂತ ಎಂಟು-ಹತ್ತು ಪಟ್ಟು ಜಾಸ್ತಿ ತೂಕದ ನಕ್ಷತ್ರದ ನಡುವೆ ಕಬ್ಬಿಣ ತುಂಬಿದ ಮೇಲೆ ಉರಿಯಲು ಏನೂ ಉಳಿಯುವುದಿಲ್ಲ. ತಿರುಳು ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಕುಸಿಯುತ್ತದೆ. ಸಾಮಾನ್ಯವಾಗಿ ಅಲ್ಲೊಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ಪುಟ್ಟದಾದ ವಿಪರೀತ ಸಾಂದ್ರ ಗೋಲ ಹುಟ್ಟುತ್ತದೆ, ಹೊರಪದರಗಳು ಸಿಡಿದು ಚೆದುರುತ್ತವೆ. ಇದು ದಿನನಿತ್ಯದ ಸೂಪರ್‌ನೋವಾ. ಕ್ಯಾಲಿಫೋರ್ನಿಯಾದ ಸ್ಟ್ಯಾನ್ ವೂಸ್ಲಿ 1993ರಲ್ಲಿ ಒಂದು ಬೇರೆ ದಾರಿ ಸೂಚಿಸಿದರು. ನಕ್ಷತ್ರ ತುಂಬ ವೇಗವಾಗಿ ತಿರುಗುತ್ತಿದ್ದು, ತಿರುಳು ಕಪ್ಪುಕುಳಿಯಾಗಿ ಕುಸಿದರೆ? ಮೇಲಿಂದ ಬೀಳುವ ವಸ್ತು ನೇರವಾಗಿ ಒಳಗೆ ಹೋಗಲಾರದು. ತಿರುಗುವ ರಭಸಕ್ಕೆ ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಸುತ್ತತೊಡಗುತ್ತದೆ. ಅಲ್ಲಿಂದ ತಿರುಗುವ ಅಚ್ಚಿನ ಎರಡೂ ಕಡೆಗೆ ಎರಡು ಕಿರಿದಾದ ಜೆಟ್‌ಗಳು, ಅಂದರೆ ರಭಸದಿಂದ ಚಿಮ್ಮುವ ವಸ್ತುವಿನ ಧಾರೆಗಳು ಹೊರಡುತ್ತವೆ. ಈ ವ್ಯವಸ್ಥೆಗೆ ಕೊಲ್ಯಾಪ್ಸಾರ್ ಎಂದು ಹೆಸರು. ಕಪ್ಪುಕುಳಿಯ ಬದಲು ವಿಪರೀತ ವೇಗವಾಗಿ ತಿರುಗುವ, ಭಾರೀ ಕಾಂತಶಕ್ತಿಯ ನ್ಯೂಟ್ರಾನ್ ನಕ್ಷತ್ರವೇ ಎಂಜಿನ್ ಆಗಿರಬಹುದು ಎನ್ನುವವರೂ ಇದ್ದಾರೆ. ಅದನ್ನು ಮ್ಯಾಗ್ನೆಟಾರ್ ಅಂತಾರೆ. ಈ ವಾದ ಇನ್ನೂ ಮುಗಿದಿಲ್ಲ. ಎಂಜಿನ್ ಯಾವುದಾದರೂ ಆಗಲಿ, ಅದರ ಮುಂದಿನ ಕೆಲಸ ಒಂದೇ: ನಕ್ಷತ್ರವನ್ನು ಒಳಗಿಂದ ಕೊರೆದು ಹೊರಗೆ ಬರುವುದು.

ನಿಮ್ಮ ಎರಡನೇ ಪ್ರಶ್ನೆಗೆ ಮುಖ್ಯ ಉತ್ತರ ಇರುವುದು ಈ ಕೊರೆತದಲ್ಲೇ. ಬೋರ್‌ವೆಲ್ ಕೊರೆಯುವಾಗ ನೀರು ಸಿಗುವ ಆಳ ಮುಟ್ಟುವ ಮೊದಲೇ ರಿಗ್‌ನ ಡೀಸೆಲ್ ಖಾಲಿಯಾದರೆ ಅಷ್ಟೂ ಕೆಲಸ ಮಣ್ಣುಪಾಲು, ಹೌದಲ್ವಾ? ಜೆಟ್‌ನ ಕಥೆಯೂ ಹಾಗೇ. ಎಂಜಿನ್ ಓಡುವುದು ಕೆಲವು ಹತ್ತು ಸೆಕೆಂಡು ಮಾತ್ರ. ಅಷ್ಟರಲ್ಲಿ ಜೆಟ್ ಮೇಲ್ಮೈ ದಾಟಿದರೆ ಗಾಮಾ ಕಿರಣ ಸ್ಫೋಟ. ದಾಟದಿದ್ದರೆ ಅದರ ಶಕ್ತಿಯೆಲ್ಲ ನಕ್ಷತ್ರದೊಳಗೇ ಚೆಲ್ಲಿಹೋಗುತ್ತದೆ.

ಹೀಗಾಗಿ ನಕ್ಷತ್ರ ಪುಟ್ಟದಾಗಿ, ಬಿಗಿಯಾಗಿ ಇರಬೇಕು. 1998ಬಿಡಬ್ಲ್ಯೂ, 2003ಡಿಎಚ್ ಎರಡರಲ್ಲೂ ಜಲಜನಕದ ಗುರುತು ಇರಲಿಲ್ಲ, ಹೀಲಿಯಮ್ಮಿನ ಸ್ಪಷ್ಟ ಗುರುತೂ ಇರಲಿಲ್ಲ. ಇಂಥವಕ್ಕೆ ಟೈಪ್ ಒನ್-ಸಿ ಎಂದು ಹೆಸರು. ಸಾಯುವ ಮೊದಲೇ ಹೊರಗಿನ ಹೊದಿಕೆ ಕಳಚಿಕೊಂಡ ನಕ್ಷತ್ರಗಳು ಇವು. ಗಾತ್ರ ಹೆಚ್ಚುಕಮ್ಮಿ ಸೂರ್ಯನಷ್ಟೇ. ಅದರ ನಡುವಿನಿಂದ ಮೇಲ್ಮೈಗೆ ಬರಲು ಬೆಳಕಿಗೆ ಎರಡು-ಮೂರು ಸೆಕೆಂಡು ಸಾಕು, ಜೆಟ್‌ಗೆ ಹತ್ತು ಸೆಕೆಂಡಿನ ಆಸುಪಾಸು. ಹೊದಿಕೆ ಕಳಚಿಕೊಂಡರೂ ಸಾಲದು, ತಿರುಗುವ ವೇಗ ಉಳಿದಿರಬೇಕು. ಇದು ಕಷ್ಟದ ಮಾತು. ನಕ್ಷತ್ರ ಗಾಳಿಯ ರೂಪದಲ್ಲಿ ವಸ್ತು ಕಳೆದುಕೊಂಡಾಗ ತಿರುಗುವ ರಭಸವನ್ನೂ ಅದರ ಜೊತೆ ಕಳೆದುಕೊಳ್ಳುತ್ತದೆ. ಕಬ್ಬಿಣದಂಥ ಭಾರ ಧಾತುಗಳು ಕಡಿಮೆ ಇದ್ದರೆ ಆ ಗಾಳಿ ಮೆತ್ತಗಿರುತ್ತದೆ. ದೀರ್ಘ ಸ್ಫೋಟಗಳು (2 ಸೆಕೆಂಡಿಗಿಂತ ಜಾಸ್ತಿ ಇರುವವು) ಜಾಸ್ತಿ ಕಾಣುವುದು ಪುಟ್ಟ, ನೀಲಿ, ಭಾರ ಧಾತುಗಳ ಕೊರತೆ ಇರುವ ಗೆಲಾಕ್ಸಿಗಳಲ್ಲೇ. ಲೆಕ್ಕ ಕೂಡುತ್ತದೆ.

ಇಷ್ಟೆಲ್ಲ ಷರತ್ತು ದಾಟಿ ಜೆಟ್ ಹೊರಬಂದರೂ ಅದು ನಮ್ಮ ಕಡೆಗೆ ತಿರುಗಿರಬೇಕು. ಜೆಟ್‌ನ ಅಗಲ ಕೆಲವೇ ಡಿಗ್ರಿ. ಅದರಲ್ಲಿರುವ ವಸ್ತು ಬೆಳಕಿನ ವೇಗದ ಶೇ 99.99ರಷ್ಟು ವೇಗದಲ್ಲಿ ಓಡುವುದರಿಂದ ಅದರ ಬೆಳಕೂ ಅದೇ ಕಡೆಗೇ ಹರಿಯುತ್ತದೆ. ಪಕ್ಕದಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಇಂಥ ಸ್ಫೋಟಗಳು ನೂರಾರು ಆದರೆ ನಮಗೆ ಕಾಣುವುದು ಒಂದು. ಹಾಗಾದರೆ ಎಲ್ಲ ಟೈಪ್ ಒನ್-ಸಿಯಲ್ಲೂ ಜೆಟ್ ಇದ್ದು, ದಿಕ್ಕು ತಪ್ಪಿದ್ದರಿಂದ ಮಾತ್ರ ಕಾಣುತ್ತಿಲ್ಲವಾ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಜೆಟ್ ಎತ್ತ ತಿರುಗಿದ್ದರೂ ಕಾಲಕ್ರಮದಲ್ಲಿ ನಿಧಾನವಾಗಿ ಹರಡಿಕೊಳ್ಳುತ್ತದೆ, ಆಗ ರೇಡಿಯೊದಲ್ಲಿ ಎಲ್ಲ ಕಡೆಗೂ ಕಾಣಬೇಕು. ಇಂಥ ಹತ್ತಾರು ಸೂಪರ್‌ನೋವಾಗಳ ಮೇಲೆ ವರ್ಷಗಟ್ಟಲೆ ರೇಡಿಯೊ ಕಣ್ಣಿಟ್ಟು ನೋಡಿದ್ದಾರೆ. 2009ಬಿಬಿ ಎಂಬಂಥ ಒಂದೊಂದು ಅಪವಾದ ಬಿಟ್ಟರೆ ಹೆಚ್ಚಿನವು ಖಾಲಿ. ಅಂದರೆ ಬಹುಪಾಲು ಸೂಪರ್‌ನೋವಾಗಳಿಗೆ ಹೊರಗೆ ಬಂದ ಜೆಟ್ಟೇ ಇಲ್ಲ.

ಸೂಪರ್‌ನೋವಾ ಬೆಳಕಿನ ಮೂಲವೇ ಬೇರೆ. ಸ್ಫೋಟದ ಕಾವಿನಲ್ಲಿ ನಿಕಲ್-56 ಎಂಬ ವಿಕಿರಣಶೀಲ ಧಾತು ತಯಾರಾಗುತ್ತದೆ. ಅದರ ಅರ್ಧಾಯು (ಅರ್ಧ ಭಾಗ ಕ್ಷಯಿಸಲು ಬೇಕಾದ ಹೊತ್ತು) 6 ದಿನ. ಅದು ಕೋಬಾಲ್ಟ್ ಆಗುತ್ತದೆ. ಕೋಬಾಲ್ಟ್ 77 ದಿನದ ಅರ್ಧಾಯುವಿನಲ್ಲಿ ಕಬ್ಬಿಣವಾಗುತ್ತದೆ. ಆ ಕ್ಷಯದ ಶಾಖವೇ ಚದುರುತ್ತಿರುವ ಚೂರುಗಳನ್ನು ಬೆಳಗಿಸುತ್ತದೆ. ಅದಕ್ಕೇ ಸೂಪರ್‌ನೋವಾ ಪೂರ್ತಿ ಬೆಳಗಲು ಎರಡು ವಾರ ಬೇಕು. ಜೆಟ್‌ನ ಗಾಮಾ ಕಿರಣ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಮೊದಲನೆಯದು ಎಲ್ಲ ದಿಕ್ಕಿಗೂ, ಎರಡನೆಯದು ಎರಡೇ ದಿಕ್ಕಿಗೆ. ಒಂದರ ಪ್ರಖರತೆ ನೋಡಿ ಇನ್ನೊಂದನ್ನು ಹೇಳಲು ಆಗುವುದಿಲ್ಲ. 2022ರ ಅಕ್ಟೋಬರ್ 9ರ ಸ್ಫೋಟ ಇದಕ್ಕೆ ಸಾಕ್ಷಿ. ಅಷ್ಟು ಪ್ರಖರವಾದ ಗಾಮಾ ಕಿರಣ ಸ್ಫೋಟವನ್ನು ನಾವು ಹಿಂದೆ ಕಂಡೇ ಇಲ್ಲ. ಸಾವಿರಾರು ವರ್ಷಕ್ಕೊಮ್ಮೆ ಬರುವಂಥದ್ದು. ಸುಮಾರು ಆರು ತಿಂಗಳ ನಂತರ ಜೇಮ್ಸ್ ವೆಬ್ ಟೆಲಿಸ್ಕೋಪ್ ಅದರ ಅಡಿಯಲ್ಲಿದ್ದ ಸೂಪರ್‌ನೋವಾ ಹಿಡಿಯಿತು. ಅದು 1998ಬಿಡಬ್ಲ್ಯೂಗಿಂತ ಏನೂ ದೊಡ್ಡದಾಗಿರಲಿಲ್ಲ. ಮಾಮೂಲಿ!

ಹಾಗೆಂದು ಗಾಮಾ ಕಿರಣ ಸ್ಫೋಟದ ಹಿಂದೆ ಯಾವಾಗಲೂ ಸೂಪರ್‌ನೋವಾ ಇರುತ್ತದೆ ಎಂದೂ ತಿಳಿಯಬೇಡಿ. 2 ಸೆಕೆಂಡಿಗಿಂತ ಕಡಿಮೆಯವು ಸಾಮಾನ್ಯವಾಗಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಹುಟ್ಟುತ್ತವೆ. 2017ರ ಆಗಸ್ಟ್ 17ರಂದು ಅಂಥ ಡಿಕ್ಕಿಯ ಗುರುತ್ವದ ಅಲೆ ಬಂದ 1.7 ಸೆಕೆಂಡಿಗೆ ಗಾಮಾ ಕಿರಣವೂ ಬಂದು ಅದು ಖಚಿತವಾಯಿತು. ಅಲ್ಲಿ ಕಾಣುವುದು ಸೂಪರ್‌ನೋವಾ ಅಲ್ಲ, ಕಿಲೋನೋವಾ, ಅಂದರೆ ಡಿಕ್ಕಿಯಲ್ಲಿ ಚಿಮ್ಮಿದ ವಸ್ತುವಿನ ಬೆಳಕು. ಆದರೆ 2 ಸೆಕೆಂಡಿನ ಗೆರೆಯನ್ನು ಪ್ರಕೃತಿ ಎಳೆದದ್ದಲ್ಲ, ನಾವು ಎಳೆದದ್ದು. 2006ರ ಜೂನ್ 14ರ ಸ್ಫೋಟ 100 ಸೆಕೆಂಡು ಇತ್ತು, ಹತ್ತಿರದಲ್ಲೂ ಇತ್ತು. ಎಷ್ಟು ಹುಡುಕಿದರೂ ಸೂಪರ್‌ನೋವಾ ಸಿಗಲಿಲ್ಲ. 2021ರ ಡಿಸೆಂಬರ್ 11ರದ್ದು ಸುಮಾರು 50 ಸೆಕೆಂಡು, ಅದರ ಅಡಿಯಲ್ಲಿ ಸಿಕ್ಕಿದ್ದು ಕಿಲೋನೋವಾ. ತಿರುವುಮುರುವಾಗಿ 2020ರ ಆಗಸ್ಟ್ 26ರದ್ದು ಒಂದೇ ಸೆಕೆಂಡಿನಷ್ಟು ಇದ್ದರೂ ಅದರ ಹಿಂದೆ ಸೂಪರ್‌ನೋವಾದ ಬೆಳಕು ಕಂಡಿತು. ಬಹುಶಃ ಜೆಟ್ ಆಗ ತಾನೇ ಮೇಲ್ಮೈ ಒಡೆದು ಹೊರಬಂದು ಅಲ್ಲಿಗೇ ನಿಂತಿತು. ಗಡಿಯಾರ ನೋಡಿ ವಿಂಗಡಿಸುವ ಪದ್ಧತಿ ಇನ್ನು ಸಾಕು ಎಂಬುದು ನನ್ನ ಅಭಿಪ್ರಾಯ. ಆಫ್ಟರ್‌ಗ್ಲೋ ಆರಿದ ಮೇಲೆ ಅಡಿಯಲ್ಲಿ ಏನು ಉಳಿಯುತ್ತದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ.

ಅದಕ್ಕೆ ತಾಳ್ಮೆ ಬೇಕು, ವಾರಗಟ್ಟಲೆ ಟೆಲಿಸ್ಕೋಪಿನ ಸಮಯ ಬೇಕು. ಹೆಚ್ಚಿನ ಸ್ಫೋಟಗಳು ತುಂಬ ದೂರ ಇರುವುದರಿಂದ ಸೂಪರ್‌ನೋವಾ ಕಾಣಿಸುವುದೇ ಇಲ್ಲ. ಸಾವಿರಾರು ದೀರ್ಘ ಸ್ಫೋಟ ಕಂಡಿದ್ದರೂ ರೋಹಿತದ ಸಮೇತ ಸೂಪರ್‌ನೋವಾ ಖಚಿತವಾದದ್ದು ಕೆಲವು ಡಜನ್ ಮಾತ್ರ. ನಮ್ಮ ದೇಶದವರೂ ಈ ಕೆಲಸದಲ್ಲಿದ್ದಾರೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹ 600ಕ್ಕೂ ಜಾಸ್ತಿ ಸ್ಫೋಟಗಳನ್ನು ದಾಖಲಿಸಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಚಂದ್ರ ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಆರುವ ಬೆಳಕಿನ ಬೆನ್ನು ಹತ್ತಲು ಅಂಥ ಟೆಲಿಸ್ಕೋಪುಗಳೇ ಬೇಕು.

ಈಗೀಗ ಕಂಡುಬರುತ್ತಿರುವ ಇನ್ನೊಂದು ಬಗೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. 2024ರ ಜನವರಿಯಲ್ಲಿ ಚೀನಾ ಹಾರಿಸಿದ ಐನ್‌ಸ್ಟೈನ್ ಪ್ರೋಬ್ ಉಪಗ್ರಹ ಮೃದು ಎಕ್ಸ್-ಕಿರಣದ ಮಿಂಚುಗಳನ್ನು ಹಿಡಿಯುತ್ತದೆ. 2025ರ ಜನವರಿ 8ರಂದು ಅದು ಕಂಡ ಒಂದು ಮಿಂಚಿನಲ್ಲಿ ಗಾಮಾ ಕಿರಣ ಇರಲೇ ಇಲ್ಲ. ಆದರೆ ಅದೇ ಜಾಗದಲ್ಲಿ ಚೂರುಗಳು ವಿಪರೀತ ವೇಗದಲ್ಲಿ ಓಡುವ ಟೈಪ್ ಒನ್-ಸಿ ಸೂಪರ್‌ನೋವಾ ಎದ್ದಿತು, ಹೆಸರು 2025ಕೆಜಿ. ಜೆಟ್ ಹುಟ್ಟಿಯೂ ಹೊರಗೆ ಬರಲಾಗದೆ ಒಳಗೇ ಸಿಕ್ಕಿಬಿದ್ದ ಪ್ರಕರಣ ಇದು ಎಂಬ ವಿವರಣೆ ಬಂದಿದೆ. ಅದು ಸರಿಯಾದರೆ ಜೆಟ್ ಇರುವ ನಕ್ಷತ್ರಗಳಿಗೂ ಇಲ್ಲದವಕ್ಕೂ ನಡುವೆ, ಸೋತ ಜೆಟ್‌ಗಳ ಒಂದು ದೊಡ್ಡ ಗುಂಪೇ ಇರಬೇಕು. ಕೋಲ್ಗೇಟ್ ಹೇಳಿದ್ದ ಮೇಲ್ಮೈ ಒಡೆಯುವ ಮಿಂಚೂ ಇಂಥ ದುರ್ಬಲ ಪ್ರಕರಣಗಳಲ್ಲೇ ಕಾಣುತ್ತಿದೆ ಎಂದು 2006ರ ಫೆಬ್ರವರಿ 18ರ ಸ್ಫೋಟದಿಂದ ಈಚೆಗೆ ಹಲವರು ವಾದಿಸುತ್ತಿದ್ದಾರೆ.

ಕೊನೆಗೆ ನಿಮ್ಮ ಆರಿದ್ರಾ. ಇಂಗ್ಲಿಷಿನವರ ಬೀಟಲ್‌ಜೂಸ್. ನಿಶ್ಚಿಂತೆಯಿಂದ ಮಲಗಿ. ಅದು ಕೆಂಪು ಮಹಾದೈತ್ಯ, ಸೂರ್ಯನಿಗಿಂತ ನೂರಾರು ಪಟ್ಟು ಅಗಲ. ಜಲಜನಕದ ದಪ್ಪ ಹೊದಿಕೆ ಇನ್ನೂ ಹಾಗೇ ಇದೆ. ಅದರ ನಡುವಿನಿಂದ ಮೇಲ್ಮೈಗೆ ಬರಲು ಬೆಳಕಿಗೇ ಅರ್ಧ ಗಂಟೆಯ ಹತ್ತಿರ ಬೇಕು. ಕೆಲವು ಹತ್ತು ಸೆಕೆಂಡು ಓಡುವ ಎಂಜಿನ್ ಒಳಗೆ ಹುಟ್ಟಿದರೂ ಜೆಟ್ ಹೊರಗೆ ಬರಲಾರದು. ಇನ್ನು ಬರೀ ಸೂಪರ್‌ನೋವಾದಿಂದ ತೊಂದರೆ ಆಗಬೇಕಾದರೆ ಅದು ಕೆಲವು ಹತ್ತು ಜ್ಯೋತಿರ್ವರ್ಷದೊಳಗೆ ಇರಬೇಕು. ಆರಿದ್ರಾ 500ರಿಂದ 700 ಜ್ಯೋತಿರ್ವರ್ಷ ದೂರ ಇದೆ. ಸಿಡಿದ ದಿನ ಮೊದಲು ಬಂದು ಮುಟ್ಟುವುದು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು. 1987ರಲ್ಲಿ ಪಕ್ಕದ ಗೆಲಾಕ್ಸಿಯ ಸೂಪರ್‌ನೋವಾದಿಂದಲೂ ಅವು ಬೆಳಕಿಗಿಂತ ಕೆಲವು ಗಂಟೆ ಮೊದಲೇ ಬಂದಿದ್ದವು. ಆಮೇಲೆ ಬೆಳಕು. ಹಗಲಲ್ಲೂ ಬರಿಗಣ್ಣಿಗೆ ಕಾಣುವಷ್ಟು, ತಿಂಗಳುಗಟ್ಟಲೆ. ಇನ್ನು ಯಾವಾಗ ಎಂದು ಕೇಳಿದರೆ, ಖಗೋಳದ ಲೆಕ್ಕದಲ್ಲಿ ಬೇಗ. ನಮ್ಮ ಲೆಕ್ಕದಲ್ಲಿ ಅದು ಒಂದು ಲಕ್ಷ ವರ್ಷವೂ ಆಗಬಹುದು.